ವರದಿಯಲ್ಲಿ ಇಲ್ಲದ ಬಾವಿ

ತೊಂಬತ್ತಾರರ ಸುಮಾರಿಗೆ ಪದ್ಮಾಕ್ಷಿ ಟೀಚರ್ ಜೂನಿಯರ್ ಕಾಲೇಜಿನ ಪಾಠ ಮುಗಿಸಿ ಮೆಲ್ಕಾರಿನಲ್ಲಿ ಬಸ್ಸಿಳಿದರೆ ಅಬ್ದುಲ್ ಸಮದರ ವಾಚ್ ರಿಪೇರಿ ಅಂಗಡಿಗೆ ಹೋಗದೆ ಮನೆ ಸೇರುತ್ತಿರಲಿಲ್ಲ. ಪೆಟ್ರೋಲಿನ ವಾಸನೆಯ ಆ ಗೂಡಿನಲ್ಲಿ ಇಬ್ಬರಿಗೂ ಸೇರಿ ಒಂದೇ ಪೇಪರು. ಸಮದರು ಕಣ್ಣಿಗೆ ಸಿಕ್ಕಿಸಿದ ಲೆನ್ಸಿನಲ್ಲೇ ಶೇರು ಪುಟದ ಸಣ್ಣ ಅಕ್ಷರ ಓದಿ ಹೇಳುತ್ತಿದ್ದರು.

ಸಮದರ ತಮ್ಮ ಉತ್ತರದ ಕಡೆಯ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದ. ಅದರ ಐವತ್ತೈವತ್ತು ಶೇರು ಇಬ್ಬರೂ ಕೊಂಡಿದ್ದರು. ಟೀಚರು ಕಾಮರ್ಸ್ ಕಲಿಸುವವರು. ವಾರ್ಷಿಕ ವರದಿಗೆ ಪೆನ್ಸಿಲ್ ಗೀಟು ಹಾಕಿ ಓದಿದ್ದರು. ಲಾಭ ಏರುತ್ತಿತ್ತು, ಸಾಲ ಇರಲಿಲ್ಲ.

ರಜೆಯಲ್ಲಿ ತಮ್ಮ ಬಂದುಹೋದ ಮೇಲೆ ಸಮದರು ಕೇಳಿದರು, "ಟೀಚರೇ, ನಿಮ್ಮ ಪುಸ್ತಕದಲ್ಲಿ ಬಾವಿಯ ವಿಷಯ ಉಂಟಾ?"

"ಯಾವ ಬಾವಿ ಸಮದಾಕ?"

"ಕಾರ್ಖಾನೆಯ ಹಿಂದಿನ ಊರಿನದ್ದು. ನೀರು ಕೆಂಪಾಗಿದೆಯಂತೆ. ಜನ ಕೋರ್ಟಿಗೆ ಹೋಗಿದ್ದಾರೆ. ನೀವು ಮಾರಿಬಿಡಿ ಮಾರಾಯ್ರೇ."

ನಲವತ್ತೆರಡು ಪುಟ ಹುಡುಕಿದರೂ ಬಾವಿ ಸಿಗಲಿಲ್ಲ. ಟೀಚರು ಅರೆಮನಸ್ಸಿನಿಂದಲೇ ಶೇರಿಗೆ ನೂರಹನ್ನೆರಡು ರೂಪಾಯಿಯಂತೆ ಮಾರಿದರು. ಮೂರೇ ತಿಂಗಳಲ್ಲಿ ಅದು ನೂರನಲವತ್ತು ದಾಟಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಟೀಚರು ಮುನಿಸಿಕೊಂಡು ಒಂದು ತಿಂಗಳು ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಮರುವರ್ಷ, ಕೊಳಕು ನೀರು ಶುದ್ಧ ಮಾಡುವವರೆಗೆ ಕಾರ್ಖಾನೆ ಮುಚ್ಚಬೇಕೆಂದು ಕೋರ್ಟು ಹೇಳಿತು. ಶೇರು ಹನ್ನೊಂದಕ್ಕಿಳಿಯಿತು. ಟೀಚರು ನಾಚಿಕೊಂಡು ಹಲ್ವದ ಪೊಟ್ಟಣ ಹಿಡಿದು ಅಂಗಡಿಗೆ ಹೋದರು.

"ನಿಮ್ಮದು ಉಳಿಯಿತಲ್ಲ, ಅದೇ ಸಂತೋಷ," ಎಂದರು ಸಮದರು. ಹಲ್ವ ಬಾಯಿಗೆ ಹಾಕಿಕೊಂಡು ಮತ್ತೆ ವಾಚಿನ ಮೇಲೆ ಬಗ್ಗಿದರು.

ಎರಡು ಸಾವಿರದ ಆರರಲ್ಲಿ ಸಮದರು ತೀರಿಕೊಂಡರು. ಕೆಲವು ವಾರ ಕಳೆದು ಅವರ ಹೆಂಡತಿ ಸೌದಾ ಟೀಚರನ್ನು ಮನೆಗೆ ಕರೆಸಿ ಕಪಾಟಿನಿಂದ ಒಂದು ಲಕೋಟೆ ತೆಗೆದರು. ಒಳಗೆ ಅದೇ ಕಾರ್ಖಾನೆಯ ಐವತ್ತು ಶೇರಿನ ಪತ್ರ, ಸಮದರ ಹೆಸರಿನಲ್ಲಿ.

ಟೀಚರು ಪತ್ರವನ್ನು ತಿರುಗಿಸಿ ನೋಡಿದರು. "ಸಮದಾಕ ಇದನ್ನು ಮಾರಲೇ ಇಲ್ಲವಾ?"

"ತಮ್ಮ ಅಲ್ಲಿ ದುಡಿಯುವಾಗ ನಾನು ಹೇಗೆ ಮಾರುವುದು ಅಂತ ಹೇಳ್ತಿದ್ರು. ಟೀಚರಿಗೆ ಗೊತ್ತಾಗುವುದು ಬೇಡ, ಬೇಜಾರು ಮಾಡ್ಕೊಳ್ತಾರೆ ಅಂತ ಬೇರೆ. ಇದಕ್ಕೆ ಏನಾದ್ರೂ ಬೆಲೆ ಉಂಟಾ?"

"ಇಲ್ಲ ಸೌದಾ. ಆ ಕಂಪೆನಿಯೇ ಈಗ ಇಲ್ಲ."

"ಹಾಗಾದ್ರೆ ಇಲ್ಲೇ ಇರ್ಲಿ. ಅವರ ಹೆಸರು ಉಂಟಲ್ಲ." ಸೌದಾ ಲಕೋಟೆಯನ್ನು ಒಳಗಿಟ್ಟು, ಚಾ ತಂದು ಎದುರಿಗೆ ಕೂತರು. "ಅಂಗಡಿಯಲ್ಲಿ ಅವರು ತುಂಬಾ ಮಾತಾಡ್ತಿದ್ರಾ ಟೀಚರೇ? ಮನೆಯಲ್ಲಿ ಮಾತೇ ಕಡಿಮೆ."

ಪದ್ಮಾಕ್ಷಿ ಟೀಚರು ಚಾದ ಲೋಟ ಕೆಳಗಿಟ್ಟು, ಮೊದಲ ದಿನದಿಂದ ಹೇಳತೊಡಗಿದರು.