ಎರಡನೆಯ ಮಾದರಿ

ಗುಡ್ಡದ ಮೇಲಿನ ಜರಿಗಿಡಗಳೆಲ್ಲ ಕಂದುಬಣ್ಣಕ್ಕೆ ತಿರುಗಿ ನೆಲಕ್ಕೆ ಒರಗಿದ್ದವು. ಯಾವ ಕುರಿಯನ್ನು ಹತ್ತಿದವೆಂದು ಗುರುತು ಸಿಗಲು ಟಗರುಗಳ ಎದೆಗೆ ಕೆಂಪು ಬಳಿದು ಕುರಿಗಳ ನಡುವೆ ಬಿಡುವ ಕಾಲ ಅದು. ಬೆಳಿಗ್ಗೆ ನಾನು ಕೆಲಸಕ್ಕೆ ನಡೆದು ಬರುವಾಗ ಕಲ್ಲುಗೋಡೆಗಳಾಚೆ, ಬೆನ್ನಿಗೆಲ್ಲ ಕೆಂಪು ಮೆತ್ತಿಸಿಕೊಂಡ ಕುರಿಗಳು ಏನೂ ನಡೆದೇ ಇಲ್ಲವೆಂಬಂತೆ ಮೇಯುತ್ತಿದ್ದವು.

ಕಾರ್ಖಾನೆಯ ಕೆಳಮಾಳಿಗೆಯಲ್ಲಿ ಆಗಲೇ ಉಗಿ ಎದ್ದಿತ್ತು. ಒಣಗಿ ಗರಿಗರಿಯಾಗಿ ಬರುವ ಹೊಗೆಸೊಪ್ಪಿನ ಹಳದಿ ಎಲೆಯನ್ನು ಉಗಿ ಕೊಟ್ಟು ಮೆತ್ತಗೆ ಮಾಡಿ, ನಡುವಿನ ದಂಟು ಕಿತ್ತು ರಾಶಿ ಹಾಕುವ ಕೆಲಸ ದಿನವೂ ಅಲ್ಲಿಂದಲೇ ಶುರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತೊರೆಯ ದಂಡೆಯ ಮೇಲಿನ ಹಳೆಯ ಉಣ್ಣೆ ಗಿರಣಿ, ಹನ್ನೊಂದು ಜನ. ನಾವು ಹನ್ನೊಂದು ಜನವೂ ಬದುಕುತ್ತಿದ್ದದ್ದು ಒಂದೇ ಒಂದು ಡಬ್ಬಿಯ ಮೇಲೆ. ಫೆಲ್‌ಸೈಡ್ ಮೈಲ್ಡ್ ಎಂಬ ಪೈಪಿನ ಹೊಗೆಸೊಪ್ಪು. ಏಳು ಪಾಲು ಹಳದಿ ಎಲೆ, ಎರಡು ಪಾಲು ತುರ್ಕಿಯ ಸಣ್ಣೆಲೆ, ಒಂದೇ ಒಂದು ಪಾಲು ಸಿರಿಯಾದ ಕಪ್ಪೆಲೆ. ಆ ಕಪ್ಪೆಲೆಯನ್ನು ಅಲ್ಲಿಯವರು ಕಾಡಿನ ಸೌದೆಯ ಹೊಗೆಯಲ್ಲಿ ತಿಂಗಳುಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಖಾರದ ಮಿಶ್ರಣಗಳಲ್ಲಿ ಅದು ಅರ್ಧಕ್ಕರ್ಧ ಇರುತ್ತದೆ, ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮದು ಸೌಮ್ಯವಾದದ್ದು. ಅದರಲ್ಲಿ ತಪ್ಪಿಗೆ ಅಡಗಲು ಜಾಗವೇ ಇಲ್ಲ.

ಆ ವರ್ಷ ಸಿರಿಯಾದ ಮೂಟೆಗಳು ಬರುವುದು ನಿಂತಿತು. ಬದಲಿಗೆ ಸೈಪ್ರಸ್ಸಿನ ಕಪ್ಪೆಲೆ ಬಂತು. ಬಣ್ಣ ಅದೇ, ಗುಣ ಬೇರೆ. ಅದನ್ನು ಎಷ್ಟು ಬೆರೆಸಿದರೆ ಹಳೆಯ ರುಚಿ ಬಂದೀತೆಂದು ಗೊತ್ತುಮಾಡುವುದು ನನ್ನ ಪಾಲಿಗೆ ಬಿತ್ತು. ಮೂವತ್ತನಾಲ್ಕು ವರ್ಷದಿಂದ ಅಲ್ಲಿ ರುಚಿ ನೋಡುವವನು ನಾನೇ. ಊರಿನವರು ನನ್ನನ್ನು ನಾಲಿಗೆ ಎಂದೇ ಕರೆಯುತ್ತಿದ್ದರು. ಎಡ್ವಿನ್ ಥೆಕ್ಸ್‌ಟನ್ ಎಂದರೆ ಅಂಚೆಯವನೂ ಒಂದು ಗಳಿಗೆ ಯೋಚಿಸಬೇಕಾಗಿತ್ತು.

ಈ ಕೆಲಸ ನನಗೆ ಕಲಿಸಿದ್ದು ಜಾಸ್ ಕ್ಯಾಪ್‌ಸ್ಟಿಕ್. ಉಗಿಯ ಕೋಣೆಯಲ್ಲಿ ಮೂಟೆ ಹೊರುತ್ತಿದ್ದ ನನ್ನನ್ನು ಮೇಲಕ್ಕೆ ಕರೆತಂದು ತನ್ನ ಪಕ್ಕ ಕೂರಿಸಿಕೊಂಡ. ಸಾಯುವ ಮುಂಚೆ ತನ್ನ ಕುರ್ಚಿಯನ್ನೂ ನನಗೇ ಬಿಟ್ಟ. ಅವನ ನೇಮ ಕಟ್ಟುನಿಟ್ಟು. ಬೆಳಿಗ್ಗೆ ಚಹಾ ಮುಟ್ಟುವ ಮೊದಲು, ಬರಿಬಾಯಲ್ಲಿ, ಪ್ರತಿ ಮಾದರಿಗೂ ಹೊಸದೊಂದು ಮಣ್ಣಿನ ಪೈಪು. ಸೇದಿ ಮುಗಿದೊಡನೆ ಅದನ್ನು ಒಲೆಯ ಕಲ್ಲಿಗೆ ಬಡಿದು ಒಡೆಯಬೇಕು. ಹಚ್ಚಿದಾಗ ಒಣಹುಲ್ಲಿನ ಸಿಹಿ, ಕಾಲು ಭಾಗ ಇಳಿದಾಗ ರೊಟ್ಟಿಯ ಅಂಚಿನ ಸುಡುವಾಸನೆ, ಅರ್ಧಕ್ಕೆ ಬಂದಾಗ ಪಕ್ಕದ ಮನೆಯ ಒಲೆಯ ಹೊಗೆ ಗೋಡೆ ದಾಟಿ ಬಂದ ಹಾಗೆ ಕಪ್ಪೆಲೆ ಬರಬೇಕು. ನಮ್ಮ ಮನೆಯೊಳಗೇ ಬಂದು ಕೂತಿತೆಂದರೆ ಹೆಚ್ಚಾಯಿತು. ಬರಲೇ ಇಲ್ಲವೆಂದರೆ ಅದು ಹೊಗೆಸೊಪ್ಪೇ ಅಲ್ಲ, ಎಂದು ಜಾಸ್ ಹೇಳುತ್ತಿದ್ದ.

ಆ ವಸಂತದಲ್ಲಿ ನನ್ನ ಹಲ್ಲುಗಳನ್ನೆಲ್ಲ ಕೀಳಿಸಿ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದೆ. ಮಣ್ಣಿನ ಪೈಪಿನ ಸಣ್ಣ ದಂಟು ಅದರಲ್ಲಿ ನಿಲ್ಲುತ್ತಿರಲಿಲ್ಲ. ಟಕಟಕ ಸದ್ದು ಮಾಡುತ್ತ ಜಾರುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ದಂಟಿಗೆ ದಾರ ಸುತ್ತಿಕೊಂಡರೆ ನಿಲ್ಲುತ್ತದೆ. ಆದರೆ ಹಾಗೆ ಸುತ್ತಿಕೊಳ್ಳುವುದು ಮೂಲೆಯಲ್ಲಿ ಕೂರುವ ಮುದುಕರ ಕೆಲಸ. ಇದನ್ನೆಲ್ಲ ಉಗಿಕೋಣೆಯ ಹೆಂಗಸರು ಬಾಗಿಲಿಂದ ನೋಡಿ ನಗುತ್ತಾರೆಂಬುದು ನನ್ನ ಹೆದರಿಕೆ. ಹಾಗಾಗಿ ಆ ಮಂಗಳವಾರ ಹೊಸ ಕಪ್ಪೆಲೆಯನ್ನು ಬೇರೆಬೇರೆ ಪಾಲಿನಲ್ಲಿ ಬೆರೆಸಿದ ಮೂರು ಮಾದರಿಗಳು ಮೇಜಿನ ಮೇಲೆ ಬಂದಾಗ ಜೇಬಿನಿಂದ ನನ್ನ ಸ್ವಂತ ಮರದ ಪೈಪನ್ನೇ ತೆಗೆದೆ. ಮದುವೆಯ ವರ್ಷ ಕೊಂಡದ್ದು. ಅದರಲ್ಲಿ ಫೆಲ್‌ಸೈಡ್ ಬಿಟ್ಟು ಬೇರೇನೂ ಸೇದಿದವನಲ್ಲ. ಎಲೆ ತುಂಬುವ ಬಟ್ಟಲಿನ ಒಳಗೆ ಕಾಸಿನಷ್ಟು ದಪ್ಪ ಮಸಿ ಕಟ್ಟಿತ್ತು.

ಮೊದಲನೆಯದು ಕಾಲು ಭಾಗಕ್ಕೇ ಆರಿಹೋಯಿತು. ಎರಡನೆಯ ಮಾದರಿ ಅರ್ಧಕ್ಕೆ ಬರುವಾಗ ಗೋಡೆಯಾಚೆಯ ಹೊಗೆ ಬಂತು. ನನಗೆ ಕಣ್ಣು ಒದ್ದೆಯಾಗುವಷ್ಟು ಸಮಾಧಾನವಾಯಿತು.

ಅಷ್ಟರಲ್ಲಿ ನೋರಾ ಒಳಗೆ ಬಂದಳು. ಜಾಸ್‌ನ ಮಗಳು, ನಲವತ್ತು ದಾಟಿದವಳು. ಎಲೆ ತೂಗಿ ಬೆರೆಸುವ ಮೇಜು ಅವಳದು. ಸೇದುವವಳಲ್ಲ, ಆದರೆ ಅಪ್ಪನ ಮೂಗು ಅವಳಿಗೆ ಬಂದಿತ್ತು.

“ಮಣ್ಣಿನ ಪೈಪು ಮುಟ್ಟೇ ಇಲ್ವಲ್ಲ ಮಾಮ?”

“ಮುಟ್ಟದೆ ಏನು. ಸೇದಿ ಒಡೆದೂ ಆಯ್ತು. ಇದು ಸುಮ್ನೆ ನನ್ನ ಚಟಕ್ಕೆ.”

“ಮೂರೂ?”

“ಮೂರೂ. ನೀನು ಉಗಿ ಹತ್ರ ಇದ್ದೆ.”

ಅವಳು ಒಲೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಬೂದಿ ಬಿಟ್ಟರೆ ಮಣ್ಣಿನ ಚೂರೊಂದೂ ಇರಲಿಲ್ಲ.

“ಎರಡ್ನೇದು,” ಎಂದೆ. “ಹಳೇದೇ ಅದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

ಅವಳು ಆ ಮಾದರಿಯಲ್ಲಿ ಉಳಿದ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದಳು. “ನನ್ಗೆ ಹಂಗೆ ಬರ್ತಿಲ್ಲ. ಈ ಹೊಸ ಎಲೆ ಮೂಗಿಗೆ ಜೋರು, ಒಳಗೆ ಪೊಳ್ಳು. ಇನ್ನೂ ಅರ್ಧ ಪಾಲಾದ್ರೂ ಬೇಕು ಮಾಮ. ಇಲ್ಲಾಂದ್ರೆ ಸುಟ್ಟಾಗ ಏನೂ ಉಳಿಯಲ್ಲ.”

“ಮೂಗು ಬೇರೆ, ನಾಲಿಗೆ ಬೇರೆ ಕಣಮ್ಮ. ಒಂದಿನ ಸೇದಿದವಳಲ್ಲ ನೀನು.”

“ಚರ್ಚಲ್ಲಿ ಹೆಣಕ್ಕೆ ಗುಂಡಿ ತೋಡೋ ಲಾರೆನ್ಸ್ ಸತ್ತು ನೋಡಿದಾನಾ? ಅಳತೆ ಯಾವತ್ತಾದ್ರೂ ತಪ್ಪಿದ್ದುಂಟಾ?”

ಬಾಗಿಲಲ್ಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಪುಸ್ತಕ ಎಳೆದುಕೊಂಡು, ಎರಡನೆಯ ಮಾದರಿ ಸರಿ ಎಂದು ಬರೆದು ರುಜು ಹಾಕಿದೆ. ನೋರಾ ತಲೆಯಾಡಿಸಿಕೊಂಡು ತಕ್ಕಡಿಯ ಹತ್ತಿರ ಹೋದಳು. ನಾನು ಬರೆದ ಪಾಲನ್ನೇ, ಎಳೆ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ತೂಗಿ ಬೆರೆಸಿದಳು. ನಾನು ನಿಂತು ನೋಡಿದ್ದೇನೆ.

ಡಬ್ಬಿಗಳು ಕ್ರಿಸ್‌ಮಸ್ಸಿಗೆ ಮುಂಚೆ ಅಂಗಡಿಗಳಿಗೆ ಹೋದವು.

ಫೆಬ್ರವರಿಯಲ್ಲಿ ಕುರಿ ಹರಾಜಿನ ಕಟ್ಟೆಯ ಚಹಾದಂಗಡಿಯಲ್ಲಿ ಏಮಸ್ ಬ್ಲ್ಯಾಂಡ್ ಸಿಕ್ಕ. ಗುಡ್ಡದ ಮೇಲಿನ ರೈತ, ನನ್ನ ಜೊತೆಗೆ ಶಾಲೆಗೆ ಹೋದವನು.

“ಏನಪ್ಪ ನಾಲಿಗೆ, ಈ ಸಲ ಡಬ್ಬಿಗೆ ಏನ್ ತುಂಬಿದ್ರಿ? ನಮ್ಮ ಕೊಟ್ಟಿಗೆ ಹುಲ್ಲು ಕದ್ದೋರು ನೀವೇನಾ?”

“ನಿನ್ನ ಬಾಯಿ ಕೆಟ್ಟಿರ್ಬೇಕು ಕಣೋ.”

“ನನ್ನ ಬಾಯಿ ಕೆಟ್ಟಿದ್ದು ಮದ್ವೆ ಆದಾಗ. ಅದು ಹಳೇ ವಿಷಯ.” ಪಕ್ಕದವರು ನಕ್ಕರು. ಏಮಸ್ ನಗಲಿಲ್ಲ. ಚಹಾದ ಬಟ್ಟಲನ್ನು ಸರಿಸಿ ದನಿ ತಗ್ಗಿಸಿದ. “ತಮಾಷೆ ಅಲ್ಲ ಎಡ್ವಿನ್. ಇಪ್ಪತ್ತೆರಡು ವರ್ಷ ಅದನ್ನೇ ಸೇದಿದೀನಿ. ನಿಂಗೆ ಹೇಳ್ದೆ ಬಿಡ್ಬಾರ್ದು ಅಂತ ಹೇಳ್ತಿದೀನಿ. ಹೋದ ವಾರ ಬೇರೆ ಡಬ್ಬಿ ತಗೊಂಡೆ.”

ಆ ಮಾತು ಬಿದ್ದಾಗ ನಾನು ಅವನ ಮುಖ ನೋಡಲಿಲ್ಲ. ಮುಂದಿನ ವಾರದಿಂದ ಪೆಟ್ಟಿಗೆಗಳು ತಿರುಗಿ ಬರತೊಡಗಿದವು. ಕಾಗದಗಳೂ ಬಂದವು. ಬೈದವರು ಕಡಿಮೆ. ಎಷ್ಟೋ ಜನ ಬೇಸರದಿಂದ, ಸತ್ತವರ ಮನೆಗೆ ಬರೆಯುವ ಹಾಗೆ ಬರೆದಿದ್ದರು.

ಭಾನುವಾರ ಮಧ್ಯಾಹ್ನ, ಹೆಂಡತಿ ಹಿಲ್ಡಾ ತನ್ನ ತಂಗಿಯ ಮನೆಗೆ ಹೋಗಿದ್ದಾಗ, ಒಂದು ಮಣ್ಣಿನ ಪೈಪಿಗೆ ದಾರ ಸುತ್ತಿಕೊಂಡು ಅಡುಗೆಮನೆಯಲ್ಲಿ ಕೂತೆ. ತಿರುಗಿ ಬಂದ ಡಬ್ಬಿಯಿಂದ ತುಂಬಿ ಹಚ್ಚಿದೆ. ಬಿಸಿಗಾಳಿ ಬಂತು. ಕೊನೆಯವರೆಗೆ ಬಿಸಿಗಾಳಿಯೇ. ನೋರಾ ಹೇಳಿದ್ದು ಸರಿ ಅಂದುಕೊಂಡೆ. ಒಮ್ಮೆ ತಪ್ಪಿದೆ, ಯಾರು ತಪ್ಪುವುದಿಲ್ಲ.

ಕಪಾಟಿನಲ್ಲಿ ಸಿರಿಯಾದ ಎಲೆಯ ಕಾಲದ ಡಬ್ಬಿಯೊಂದು ಒಡೆಯದೆ ಉಳಿದಿತ್ತು. ಹೋಲಿಸಿ ನೋಡೋಣವೆಂದು ಅದನ್ನು ಇನ್ನೊಂದು ಮಣ್ಣಿನ ಪೈಪಿಗೆ ತುಂಬಿದೆ. ಅದೂ ಬಿಸಿಗಾಳಿ.

ಪೈಪನ್ನು ಇಳಿಸಿದೆ. ಆಮೇಲೆ ಎದ್ದು, ಕೆಲಸದ ಕೋಟಿನ ಜೇಬಿನಲ್ಲಿ ಉಳಿದಿದ್ದ ಬರೀ ಹಳದಿ ಎಲೆಯನ್ನು, ಒಂದು ಚೂರೂ ಕಪ್ಪೆಲೆ ಸೋಕದ್ದನ್ನು, ನನ್ನ ಮರದ ಪೈಪಿಗೆ ತುಂಬಿ ಹಚ್ಚಿದೆ. ಅರ್ಧಕ್ಕೆ ಬರುವಾಗ ಪಕ್ಕದ ಮನೆಯ ಒಲೆಯ ಹೊಗೆ ಗೋಡೆ ದಾಟಿ ಬಂತು. ಮಸಿಯಲ್ಲಿ ಕೂತಿದ್ದ ವರ್ಷಗಟ್ಟಲೆಯ ಘಾಟು, ಕಾದೊಡನೆ ಎದ್ದು ನನ್ನ ಸತ್ತ ನಾಲಿಗೆಗೂ ಮುಟ್ಟುತ್ತಿತ್ತು. ಆ ಪೈಪಿನಲ್ಲಿ ಏನು ತುಂಬಿದರೂ ಅದೇ ಬರುತ್ತಿತ್ತು.

ನಾಲಿಗೆ ಯಾವಾಗ ಹೋಯಿತೆಂದು ನನಗೆ ಗೊತ್ತಿಲ್ಲ. ಹಲ್ಲಿನ ಜೊತೆ ಹೋಯಿತೆ? ಸೂಪಿಗೆ ಉಪ್ಪು ಹೆಚ್ಚು ಹಾಕಿಕೊಳ್ಳುತ್ತೀಯೆಂದು ಹಿಲ್ಡಾ ರೇಗುತ್ತಿದ್ದದ್ದು ಎರಡು ವರ್ಷದಿಂದ. ಅದಕ್ಕೂ ಮುಂಚೆ? ಸಿರಿಯಾದ ಎಲೆ ಬರುತ್ತಿದ್ದಷ್ಟು ಕಾಲ, ಅದೇ ಎಲೆ, ಅದೇ ಪಾಲು, ನೋರಾಳ ಅದೇ ಕೈ. ನಾನು ಪ್ರತಿ ಸಲ ಸರಿ ಎಂದು ಬರೆದೆ, ಪ್ರತಿ ಸಲವೂ ಸರಿಯಾಗಿತ್ತು. ಕುರ್ಚಿಯ ಮೇಲೆ ಒಂದು ಕೋಟನ್ನು ಇಟ್ಟಿದ್ದರೂ ಸಾಕಿತ್ತು.

ಸೋಮವಾರ ಒಡತಿ ಮಿಸ್ ಏರಿ ನನ್ನನ್ನು ಮೇಲಿನ ತಮ್ಮ ಕೋಣೆಗೆ ಕರೆಸಿದರು. ಅವರ ಅಜ್ಜ ಕಟ್ಟಿದ ಕಾರ್ಖಾನೆ. ಎಪ್ಪತ್ತರ ಹತ್ತಿರದ ಹೆಂಗಸು, ಮಳೆಬೂಟು ಕಳಚದೆ ಮೇಜಿನ ಮುಂದೆ ಕೂತಿದ್ದರು. ಮೆಟ್ಟಿಲು ಹತ್ತುವಾಗ ಹೇಳಬೇಕಾದದ್ದನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದೆ. ನಾವಿದ್ದ ಮನೆ ಕಾರ್ಖಾನೆಯದು ಎಂಬುದು ಏಳನೆಯ ಮೆಟ್ಟಿಲಲ್ಲಿ ನೆನಪಾಯಿತು.

“ಥೆಕ್ಸ್‌ಟನ್, ಸುತ್ತಿಬಳಸೋದು ಬೇಡ. ಈ ಡಬ್ಬೀದು ಸೇದಿ ನೋಡಿದ್ರಾ? ನೀವು ಒಪ್ಪಿದ್ದು ಇದೇನಾ?”

“ನಾನು ಒಪ್ಪಿದ್ದರ ರುಚಿ ಇದರಲ್ಲಿಲ್ಲ, ಮಿಸ್ ಏರಿ.”

ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಬಾಯಿ ತಡವರಿಸುತ್ತಿತ್ತು.

“ಅಲ್ಲಿಗೆ ಆಯ್ತು. ಪಾಲು ಸರಿಯಿಲ್ಲ, ಬದಲಾಯಿಸ್ಬೇಕು ಅಂತ ನೋರಾ ಎಲ್ಲರ ಮುಂದೆ ಅಂದಿದ್ಳಂತೆ. ತನ್ನಿಷ್ಟದ ಹಾಗೆ ಬೆರೆಸಿದಾಳೆ.”

“ಅವಳು ಅಂಥಾ ಕೆಲಸ ಮಾಡೋಳಲ್ಲ.”

“ಹಾಗಾದ್ರೆ ನಿಮ್ಮ ನಾಲಿಗೆ ತಪ್ಪಿರ್ಬೇಕು. ತಪ್ಪಿದ್ಯಾ?”

ನೇರವಾಗಿ ಕೇಳಿದರು. ಅದಕ್ಕಿಂತ ಸುಲಭ ಮಾಡಿಕೊಡಲು ಯಾರಿಂದಲೂ ಆಗುವುದಿಲ್ಲ. ಹೌದು ಅಂದರೆ ಸಾಕಾಗಿತ್ತು. ಕಿಟಕಿಯಾಚೆ ತೊರೆ ತುಂಬಿ ಹರಿಯುತ್ತಿತ್ತು. ನಾನು ಅದನ್ನು ನೋಡುತ್ತ ನಿಂತೆ.

ಮಿಸ್ ಏರಿಯ ದನಿ ಮೆತ್ತಗಾಯಿತು. “ಗೊತ್ತು ಬಿಡಿ. ಅವಳಪ್ಪನ ಋಣ ಇದೆ ನಿಮ್ಮ ಮೇಲೆ. ಅದಕ್ಕೇ ಬಾಯಿ ಬರ್ತಿಲ್ಲ. ನೀವೇನೂ ಹೇಳ್ಬೇಡಿ, ನಾನೇ ಹೇಳ್ತೀನಿ. ಮತ್ತೆ ಮೊದಲಿಂದ ಮಾಡೋಣ. ನಿಮ್ಮ ನಾಲಿಗೆ ಒಂದಿದ್ರೆ ಈ ಜಾಗ ಉಳಿಯುತ್ತೆ.”

ನೋರಾಗೆ ವಾರದ ಕೊನೆಗೆ ಕೆಲಸ ಬಿಡಬೇಕೆಂದು ಹೇಳಿದರು. ಇಪ್ಪತ್ತಾರು ವರ್ಷದ ಕೆಲಸ. ಆ ಕಣಿವೆಯಲ್ಲಿ ಎಲೆ ಬೆರೆಸುವ ಕಾರ್ಖಾನೆ ಇನ್ನೊಂದಿಲ್ಲ. ತೂಕದಲ್ಲಿ ಕೈಯಾಡಿಸಿದವಳೆಂಬ ಮಾತು ಶುಕ್ರವಾರದೊಳಗೆ ಅಂಗಡಿಗೂ ಚರ್ಚಿಗೂ ತಲುಪಿತ್ತು.

ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವಳು ತನ್ನ ಮೇಜು ಒರೆಸುತ್ತಿದ್ದಳು. ಏಪ್ರನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ನಾನು ಬಾಗಿಲಲ್ಲಿ ನಿಂತಿದ್ದೆ.

“ಒಳಗೆ ಬನ್ನಿ ಮಾಮ. ಹೊರಗೆ ನಿಂತ್ರೆ ಥಂಡಿ ಹೊಡೆಯುತ್ತೆ.”

ಒಳಗೆ ಹೋದೆ.

“ಆವತ್ತು ಒಲೆ ಹತ್ರ ಮಣ್ಣಿನ ಪೈಪಿನ ಚೂರಿರ್ಲಿಲ್ಲ ಅಂತ ನಾನು ಮಿಸ್ ಏರಿಗೆ ಹೇಳ್ದೆ,” ಎಂದಳು. ಬಟ್ಟೆಯನ್ನು ಹಿಂಡಿ ಕಂಬಿಯ ಮೇಲೆ ಹರವಿದಳು. “ನಂಬ್ಲಿಲ್ಲ. ಥೆಕ್ಸ್‌ಟನ್ ಮೇಲೆ ಹಿಂಗೆಲ್ಲ ಹೇಳೋಕೆ ನಾಚ್ಕೆ ಆಗಲ್ವಾ ಅಂದ್ರು. ನಮ್ಮಪ್ಪ ಕೂರ್ಸಿದ ಕುರ್ಚಿ, ಅದಕ್ಕೆ ಅಷ್ಟು ಮರ್ಯಾದೆ.”

“ನೋರಾ, ನಿನ್ನ ತೂಕ ಸರಿ ಇತ್ತು. ನನ್ಗೆ ಗೊತ್ತು. ನಾನು ನನ್ನ ಪೈಪಲ್ಲೇ ಸೇದಿದ್ದು. ನನ್ಗೆ ರುಚಿ ಹತ್ತಲ್ಲ. ಏನೂ ಹತ್ತಲ್ಲ. ಎಷ್ಟು ವರ್ಷದಿಂದಲೋ.”

ಕೊನೆಗೂ ಹೇಳಿದೆ. ಎದೆ ಹಗುರಾದೀತೆಂದು ಕಾದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ತಕ್ಕಡಿಯಲ್ಲಿ ಇಟ್ಟದ್ದನ್ನು ನೋಡುವ ಹಾಗೆ ನೋಡಿದಳು. “ನನ್ನ ತೂಕ ಸರಿ ಇತ್ತು ಅಂತ ನನ್ಗೇ ಹೇಳಿದ್ರೆ ಏನು ಬಂತು ಮಾಮ? ನನ್ಗೆ ಗೊತ್ತಿಲ್ವಾ? ಹೇಳ್ಬೇಕಾದೋರು ಮೇಲೆ ಕೂತಿದಾರೆ. ಇನ್ನೂ ಮನೆಗೆ ಹೋಗಿಲ್ಲ.”

ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ನಿಂತು, “ಎರಡೂವರೆ ಬಸ್ಸು. ಹತ್ತು ನಿಮಿಷ ಇದೆ. ನಾನು ನಿಲ್ದಾಣದಲ್ಲೇ ಇರ್ತೀನಿ,” ಎಂದು ಹೇಳಿ ಹೋದಳು.

ನಾನು ಮೆಟ್ಟಿಲ ಹತ್ತಿರ ಹೋದೆ. ಅರ್ಧ ಹತ್ತಿದೆ. ಮೇಲೆ ಮಿಸ್ ಏರಿ ಕಾಗದ ಮಗುಚುವ ಸದ್ದು ಕೇಳುತ್ತಿತ್ತು. ಬಸ್ಸು ಸೇತುವೆಯ ತಿರುವಿನಲ್ಲಿ ಗೇರು ಬದಲಿಸಿದ ಸದ್ದು ಕೇಳಿತು. ಅದು ನಿಂತು ಮತ್ತೆ ಹೊರಡುವವರೆಗೂ ನಾನು ಅಲ್ಲೇ, ಕೈಹಿಡಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.

“ಯಾರದು ಮೆಟ್ಟಿಲ ಮೇಲೆ?” ಮಿಸ್ ಏರಿ ಕೇಳಿದರು.

“ನಾನೇ,” ಎಂದೆ. “ಎಲ್ಲ ಹೋದ್ರು. ಬಾಗಿಲು ಹಾಕ್ಕೊಂಡು ಹೋಗೋಣ ಅಂತ.”

“ಸರಿ ಥೆಕ್ಸ್‌ಟನ್. ಹುಷಾರು, ದಾರಿ ಜಾರುತ್ತೆ.”

ಇಳಿದು ಬಂದು ಬಾಗಿಲು ಎಳೆದುಕೊಂಡೆ.