ಏಳನೆಯ ಕಲಮು

ಅವಳು ಹದಿನಾಲ್ಕು ವರ್ಷ ನದಿಯ ಮೀನುಗಳ ಮೇಲೆ ಸಂಶೋಧನೆ ಮಾಡಿದವಳು. ಮೀನಿನ ಮೈಯಲ್ಲಿ ಪಾದರಸ ವರ್ಷದಿಂದ ವರ್ಷಕ್ಕೆ ಏರುತ್ತಿರುವುದನ್ನು ಅಳೆದಳು, ಬರೆದಳು. ಬರೆದದ್ದೆಲ್ಲ ಅಚ್ಚಾಯಿತು, ಯಾರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ವಿದೇಶಾಂಗ ಇಲಾಖೆಗೆ ವಿಜ್ಞಾನ ಸಲಹೆಗಾರ್ತಿಯಾಗಿ ಸೇರಿಕೊಂಡಳು.

"ಒಪ್ಪಂದದಲ್ಲಿ ಒಂದೇ ಒಂದು ಕಲಮು ಸೇರಿಸಿದ್ರೆ ಸಾಕಮ್ಮ, ನನ್ನ ನಲವತ್ತು ಪ್ರಬಂಧಕ್ಕಿಂತ ಹೆಚ್ಚು ಕೆಲಸ ಆಗುತ್ತೆ," ಎಂದು ತಾಯಿಗೆ ಹೇಳಿದ್ದಳು.

"ಸದ್ಯ, ಮೀನಿನ ವಾಸನೆ ತಪ್ಪಿತಲ್ಲ," ಎಂದಿದ್ದರು ತಾಯಿ.

ಇಲಾಖೆಯಲ್ಲಿ ಅವಳಿಗೆ ಮೀನು ಮೇಡಂ ಎಂದೇ ಹೆಸರು ಬಿತ್ತು. ಸಭೆಗಳಲ್ಲಿ ಗೋಡೆ ಪಕ್ಕದ ಕುರ್ಚಿ. ಕಾರ್ಯದರ್ಶಿ ತಿರುಗಿ ನೋಡಿದರೆ ಚೀಟಿ ಬರೆದು ದಾಟಿಸಬೇಕು, ಅಷ್ಟೇ. ಐದನೆಯ ವರ್ಷ, ನದಿ ಹರಿದುಬರುವ ನೆರೆದೇಶದ ಜೊತೆ ಒಪ್ಪಂದದ ಮಾತುಕತೆ ಶುರುವಾದಾಗ ಮೇಜಿನ ಬಳಿ ಜಾಗ ಸಿಕ್ಕಿತು. ಪಾದರಸ ಬರುತ್ತಿದ್ದುದೇ ಆ ದೇಶದ ಚಿನ್ನದ ಗಣಿಗಳಿಂದ. 'ಮೂರು ವರ್ಷದೊಳಗೆ ಗಣಿಗಳು ಪಾದರಸದ ಬಳಕೆಯನ್ನು ನಿಲ್ಲಿಸತಕ್ಕದ್ದು' ಎಂಬ ಏಳನೆಯ ಕಲಮು ಅವಳದೇ ಬರಹ.

ಎದುರು ಸಾಲಿನಲ್ಲಿದ್ದ ಸಲಹೆಗಾರನನ್ನು ನೋಡಿ ಅವಳಿಗೆ ಹೋದ ಜೀವ ಬಂದಂತಾಯಿತು. ಇರುವೆ! ಒಂದೇ ಪ್ರಯೋಗಾಲಯದಲ್ಲಿ ಆರು ವರ್ಷ ಜೊತೆಗಿದ್ದವನು. ಒಂದು ಅಂಕಿಯನ್ನೂ ಬಿಡದೆ ಹೆಕ್ಕಿ ತರುತ್ತಿದ್ದನೆಂದು ಆ ಅಡ್ಡಹೆಸರು. ದೇಶ ಬೇರೆಯಾದರೂ ಅವನ ಬಾಯಲ್ಲಿ ಅವಳು ಅಕ್ಕನೇ.

ಮೂರನೆಯ ದಿನ ಚಹಾದ ಬಿಡುವಿನಲ್ಲಿ ಅವನು ಓಣಿಯಂಥ ಮೊಗಸಾಲೆಯ ಕೊನೆಗೆ ಬಂದು, ಮಡಿಚಿದ ಕಾಗದವೊಂದನ್ನು ಅವಳ ಕೈಗಿಟ್ಟ.

"ಅಕ್ಕಾ, ಇದು ನಮ್ಮವರೇ ಮಾಡಿಸಿದ ಪರೀಕ್ಷೆ. ಗಣಿ ಹತ್ತಿರದ ಮಕ್ಕಳ ರಕ್ತದ್ದು. ನೀನು ಅಂದಾಜು ಮಾಡಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ ಇದೆ. ಮುಚ್ಚಿಟ್ಟಿದ್ದಾರೆ."

"ಮತ್ತೆ ನನಗ್ಯಾಕೋ ಕೊಡ್ತಿದ್ದೀಯ?"

"ನೀನು ಪಟ್ಟು ಸಡಿಲ ಮಾಡಬಾರದು ಅಂತ. ಬೇರೆ ಯಾರ ಕಣ್ಣಿಗೂ ಬೀಳಬಾರದು. ನನ್ನ ಹೊಟ್ಟೆಪಾಡಿದೆ ಇದರಲ್ಲಿ."

"ಬೀಳಲ್ಲ ಮಾರಾಯ."

ಮಧ್ಯಾಹ್ನ ಎದುರು ಪಕ್ಷದ ಮುಖ್ಯಸ್ಥರು ಪುರಾವೆ ಸಾಲದೆಂದು ಏಳನೆಯ ಕಲಮಿಗೆ ಅಡ್ಡಗಾಲು ಹಾಕಿದರು. ಕಾರ್ಯದರ್ಶಿ ಅವಳ ಕಡೆ ಬಾಗಿ, "ಮೇಡಂ, ಇದನ್ನ ಬಿಟ್ಟುಬಿಡೋಣ. ಎಲ್ಲಾ ಮುರಿದು ಬೀಳೋದು ಬೇಡ," ಎಂದರು.

ಹದಿನಾಲ್ಕು ವರ್ಷ ಕಣ್ಣೆದುರೇ ನೀರುಪಾಲಾಗುತ್ತಿತ್ತು. ಅವಳು ಕಾರ್ಯದರ್ಶಿಯನ್ನು ಪಕ್ಕದ ಕೋಣೆಗೆ ಕರೆದು ಕಾಗದ ತೋರಿಸಿದಳು. "ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ ಸರ್."

ಅವರು ಎರಡು ಸಲ ಓದಿದರು. "ಭೇಷ್. ಇದು ನನ್ನ ಹತ್ರ ಇರಲಿ."

ಕಾರ್ಯದರ್ಶಿ, ಎದುರು ಪಕ್ಷದ ಮುಖ್ಯಸ್ಥರು ಇಬ್ಬರೇ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಕೂತರು. ಹೊರಬಂದಾಗ ಕಾರ್ಯದರ್ಶಿಯ ಮುಖ ಊರಗಲವಾಗಿತ್ತು.

"ಬೇಸಿಗೆಯಲ್ಲಿ ನಮಗೆ ಕಾಲು ಭಾಗ ಹೆಚ್ಚು ನೀರು ಬಿಡ್ತಾರೆ ಮೇಡಂ!"

"ಏಳನೇ ಕಲಮು?"

"'ಸಾಧ್ಯವಾದಷ್ಟು ಕಡಿಮೆ ಮಾಡಲು ಪ್ರಯತ್ನಿಸಲಾಗುವುದು' ಅಂತ ಬದಲಾಯ್ತು. ಆ ಕಾಗದ ಹೊರಗೆ ಬರಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಸರ್, ಹೆಚ್ಚು ಬರೋದೂ ಅದೇ ವಿಷದ ನೀರು ತಾನೇ?"

"ನೀವಿನ್ನೂ ಪ್ರಯೋಗಾಲಯದಿಂದ ಹೊರಗೆ ಬಂದಿಲ್ಲ," ಎಂದು ನಕ್ಕರು.

ಮರುದಿನ ಇರುವೆಯ ಕುರ್ಚಿ ಖಾಲಿ. ವಿಜ್ಞಾನದ ಅನುಬಂಧಕ್ಕೆ ಸಹಿ ಹಾಕಲಾರೆ ಎಂದು ಅವಳು ಪೆನ್ನು ಕೆಳಗಿಟ್ಟಳು. ಯಾರೂ ಗದರಲಿಲ್ಲ. ಸೇತುವೆ ಎಂಜಿನಿಯರರೊಬ್ಬರನ್ನು ಕರೆಸಿದರು. ಅವರು ಓದದೆಯೇ ಸಹಿ ಗೀಚಿ ತಮ್ಮ ಕೆಲಸಕ್ಕೆ ಹೋದರು. ಫೋಟೋದವನು, "ಮೇಡಂ, ಸ್ವಲ್ಪ ಬಲಕ್ಕೆ," ಎಂದ. ಅವಳು ಬಲಕ್ಕೆ ಸರಿದು ನಿಂತಳು.

ಹನ್ನೊಂದು ದಿನ ಇರುವೆಯ ಫೋನ್ ಸತ್ತಂತಿತ್ತು. ಹನ್ನೆರಡನೆಯ ದಿನ ಅವನ ಹೆಂಡತಿ ಎತ್ತಿದಳು.

"ಅವರು ಮನೇಲಿಲ್ಲ."

ಹಿಂದೆ ಅವನ ಕೆಮ್ಮು ಸ್ಪಷ್ಟವಾಗಿ ಕೇಳುತ್ತಿತ್ತು.

"ಕೆಲಸ...?"

"ಬರೀ ಅನುಮಾನಕ್ಕೇ ಹೋಯ್ತು. ಕಾಗದ ಯಾರು ಕೊಟ್ಟಿದ್ದು ಅಂತ ವಿಚಾರಣೆ ನಡೀತಿದೆ, ಇನ್ನೂ ಸಾಬೀತಾಗಿಲ್ಲ. ಅಕ್ಕ, ಅಕ್ಕ ಅಂತ ಬಾಯ್ತುಂಬ ಹೇಳೋರು ನಿಮ್ಮನ್ನ. ಇನ್ಮೇಲೆ ಫೋನ್ ಮಾಡಬೇಡಿ."

ಕಾಗದದಲ್ಲಿದ್ದ ಅಂಕಿಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ರಾಜೀನಾಮೆ ಕೊಟ್ಟು ಅಚ್ಚು ಹಾಕಿಸಿದರೆ ಗಣಿಯವರಿಗೆ ಬಿಸಿ ತಟ್ಟುತ್ತಿತ್ತೇನೋ. ಆದರೆ ಅಚ್ಚಾದ ಪ್ರತಿಯೊಂದು ಅಂಕಿಯೂ ಅವನ ಕುತ್ತಿಗೆಗೇ ಬರುತ್ತಿತ್ತು. ಒಬ್ಬನ ಮನೆ, ಹೆಸರಿಲ್ಲದ ಅಷ್ಟು ಮಕ್ಕಳು. ತೂಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಮೂರು ಗಂಟೆಗೆ ಬಂದರಿನ ಹೂಳಿನ ಬಗ್ಗೆ ಸಭೆಯಿತ್ತು. ಕಡತ ಎತ್ತಿಕೊಂಡು ಹೋದಳು.