ಬಿಳಿ ಅಂಗಿಯೊಳಗೆ ಹಾಲು

ಎಲ್ಲಿಂದಲೋ ಅಳು, ಯಾವುದೋ ಮಗು, ಷೇರ್ ಆಟೋದೊಳಗಿನ ಕೆಂಪು ಸೀರೆಯವಳ ಮಡಿಲಲ್ಲಿರಬೇಕು, ತನ್ನದಲ್ಲ, ತನ್ನದು ಇಲ್ಲಿಂದ ಮೂರು ಮೈಲಿ ಆಚೆ ಅತ್ತೆಯ ತೊಡೆಯ ಮೇಲಿದೆ, ಪಾಂಡಿಸೆಲ್ವಿಗೆ ಅದು ಗೊತ್ತು, ಆದರೆ ಅವಳ ಎದೆಗೆ ಗೊತ್ತಿಲ್ಲ, ಎದೆಗೆ ಎಲ್ಲ ಮಕ್ಕಳೂ ಒಂದೇ, ಜುಂ ಎಂದು ಎರಡೂ ಕಡೆ ಸೆಳೆತ, ಸೂಜಿ ಚುಚ್ಚಿದ ಹಾಗೆ, ಆಮೇಲೆ ಬೆಚ್ಚಗೆ — ಅಯ್ಯೋ, ಇಳಿದೇಬಿಟ್ಟಿತು, ಅದೂ ಟ್ರಾಫಿಕ್ ಪೊಲೀಸಿನ ಬಿಳಿ ಅಂಗಿಯ ಮೇಲೆ, ಮಧುರೈನ ನಾಲ್ಕು ರಸ್ತೆ ಕೂಡುವಲ್ಲಿ, ಹನ್ನೊಂದು ಗಂಟೆ ಬಿಸಿಲಲ್ಲಿ, ಒಂದು ಕೈ ಎತ್ತಿ ಎರಡು ಬಸ್ಸು ನಿಲ್ಲಿಸಿಕೊಂಡಿರುವಾಗ, ಮೇಲೆ ಹಸಿರು ಮಿಂಚುಪಟ್ಟಿಯ ಜಾಕೆಟ್ ಇಲ್ಲದಿದ್ದರೆ ಬಸ್ಸಿನ ಕಿಟಕಿಗಳೆಲ್ಲ ನೋಡುತ್ತಿದ್ದವು, ನೋಡಿದರೆ ನೋಡಲಿ, ಆರು ತಿಂಗಳ ಕೂಸಿನ ತಾಯಿ, ಕದ್ದದ್ದೇನೂ ಅಲ್ಲವಲ್ಲ, ಅಷ್ಟರಲ್ಲಿ ಏಳುಮಲೈ ಅಣ್ಣ ಬಂದು ಪಕ್ಕ ನಿಂತರು, ನಿವೃತ್ತಿಗೆ ಎರಡು ವರ್ಷ ಉಳಿದಿರುವ ಹೆಡ್ ಕಾನ್ಸ್‌ಟೇಬಲ್, ಆಕಾಶ ನೋಡುತ್ತ, ಹೋಗಮ್ಮ, ಟೀ ಕುಡ್ಕೊಂಡು ಬಾ, ನಾನಿರ್ತೀನಿ, ಇವಳು ಹೆರಿಗೆ ರಜೆ ಮುಗಿಸಿ ಬಂದ ಮೂರು ದಿನದಿಂದ ಅವರು ಇದಕ್ಕೆ ಟೀ ಅಂತಲೇ ಹೆಸರಿಟ್ಟಿದ್ದಾರೆ, ನಾಲ್ಕು ಹೆಣ್ಣುಮಕ್ಕಳ ತಂದೆ, ಎಲ್ಲ ಗೊತ್ತು.

ರಸ್ತೆ ದಾಟಿದರೆ ವೀರಾಯಿ ಅಕ್ಕನ ಹೂವಿನ ಅಂಗಡಿ, ಅಂಗಡಿಯ ಹಿಂದೆ ಗೋಣಿ ಪರದೆಯ ಕೋಣೆ, ಒದ್ದೆ ಬಟ್ಟೆ ಹೊದ್ದ ಮಲ್ಲಿಗೆಯ ರಾಶಿ, ಸ್ಟೂಲು, ಬ್ಯಾಗಿನಿಂದ ಹಾಲು ಹಿಂಡುವ ಕೈಪಂಪು, ಹಿಡಿ ಒತ್ತು, ಬಿಡು, ಒತ್ತು, ಬಿಡು, ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ಒಂದು ಚಮಚವೂ ಆಗದೆ ಇಲ್ಲೇ ಕೂತು ಅತ್ತಿದ್ದಳು, ಹಾಲೂಡುವವಳು ಮಲ್ಲಿಗೆ ಹತ್ತಿರ ಸುಳಿದರೆ ಹಾಲು ಬತ್ತುತ್ತೆ ಕಣೆ ಅಂತ ಅತ್ತೆ ಹೆದರಿಸಿ ಕಳಿಸಿದ್ದರು, ಹೆರಿಗೆಯಾದಾಗಿನಿಂದ ಒಂದು ಮೊಳ ಮುಡಿಯಲು ಬಿಟ್ಟಿಲ್ಲ, ಈಗ ನೋಡಿದರೆ ಸುತ್ತ ಮಲ್ಲಿಗೆಯದೇ ಗುಡ್ಡ, ಪರದೆಯಾಚೆಯಿಂದ ವೀರಾಯಿ ಅಕ್ಕನ ದನಿ, ಏನಮ್ಮಾ ಪೊಲೀಸು, ಎಷ್ಟಾಯ್ತು, ಬಾಟಲಿಯ ಗೆರೆ ನೋಡಿದಳು, ಅರ್ಧ ದಾಟಿದೆ ಅಕ್ಕ, ಬತ್ತುತ್ತೆ ಅಂದ್ಲಲ್ಲ ನಿಮ್ಮತ್ತೆ, ಕರ್ಕೊಂಡ್ ಬಾ ಅವಳನ್ನ, ವೈಗೈ ಅಣೆಕಟ್ಟು ತೆರೆದಂಗಿದೆ ಇಲ್ಲಿ — ಇಬ್ಬರಿಗೂ ನಗು, ನಕ್ಕರೆ ಇನ್ನೂ ಇಳಿಯುತ್ತದೆ, ಅದೊಂದು ಸೋಜಿಗ, ಬೆಚ್ಚನೆ ದಾರ ಬಾಟಲಿಯ ಗೋಡೆಗೆ ಬಡಿಯುವ ಸಣ್ಣ ಸದ್ದು, ಎಷ್ಟು ಚೆಂದ, ಇದು ನನ್ನಿಂದಲೇ ಬಂದದ್ದಾ, ಆದರೆ ಕುಡಿಯಬೇಕಾದವಳು ಕುಡಿಯಬೇಕಲ್ಲ, ಕೂಸು ಯಾಳಿನಿ, ಅತ್ತೆ ಹಾಲಿನ ಒಳಲೆಯನ್ನು ತುಟಿಗೆ ಇಟ್ಟ ಕೂಡಲೇ ಮುಖ ತಿರುಗಿಸುತ್ತಾಳೆ, ಉಗಿಯುತ್ತಾಳೆ, ಮೊನ್ನೆ ಸಂಜೆಯವರೆಗೂ ಉಪವಾಸ, ನಿನ್ನೆಯೂ, ಮನೆಗೆ ಓಡಿ ಹೋದಾಗ ಅತ್ತೆ ಹಸಿದ ಕೂಸನ್ನು ಕೈಗೆ ಕೊಟ್ಟು, ರೋಡಲ್ಲಿ ನಿಂತು ಕೈ ಆಡ್ಸೋಕೆ ಇದನ್ನ ಒಣಗಿಸ್ಬೇಕಾ, ಅಂದರು, ಇವಳು ಓಡಿ, ಹಾರಿ, ಗುಂಡೆಸೆದು ಗಿಟ್ಟಿಸಿದ ಕೆಲಸ, ಊರಲ್ಲಿ ಮೊದಲ ಹೆಣ್ಣು, ಆದರೆ ಬಸಿರಲ್ಲಿ ಹಾಸಿಗೆ ಬಿಟ್ಟು ಏಳಕೂಡದು ಅಂದಿದ್ದರು ಡಾಕ್ಟರು, ವರ್ಷದ ರಜೆಯಲ್ಲಿ ಅರ್ಧ ಹೆರಿಗೆಗೆ ಮೊದಲೇ ಮಂಚದ ಮೇಲೆ ಮುಗಿದುಹೋಯಿತು, ಅಷ್ಟು ಕಾಪಾಡಿಕೊಂಡ ಕೂಸು ಹಸಿದಿರುವುದೆಂದರೆ — ಇಲ್ಲ, ಇವತ್ತೂ ಕುಡಿಯದಿದ್ದರೆ ನಾಳೆ ಸಂಬಳವಿಲ್ಲದ ರಜೆಗೆ ಬರೆದುಕೊಡುವುದೇ, ಬರೆದರೆ ಮತ್ತೆ ಈ ಚೌಕ ಸಿಗುತ್ತದಾ, ಒತ್ತು, ಬಿಡು, ಮೊಬೈಲು ಗುರ್ ಎನ್ನುತ್ತಿದೆ, ಅತ್ತೆ, ಹಗಲಲ್ಲಿ ಎಂದೂ ಕರೆ ಮಾಡದ ಅತ್ತೆ, ಪಂಪು ಬಿಟ್ಟು ಎತ್ತಿಕೊಂಡಳು, ಏನಾಯ್ತು ಅತ್ತೆ, ಏ ಸೆಲ್ವಿ, ಕುಡಿದ್ಲು ಕಣೆ!

ಕುಡಿದ್ಲಾ, ಎಷ್ಟು, ಪೂರ್ತಿ, ನೀನು ಇಟ್ಟುಹೋಗಿದ್ದಷ್ಟೂ, ಕೊನೇಲಿ ಒಳಲೆ ಕಚ್ಕೊಂಡು ಬಿಡಲ್ಲ ಅಂತಾಳೆ ಕಳ್ಳಿ, ಅತ್ತೆಯ ದನಿ ಹತ್ತು ವರ್ಷ ಚಿಕ್ಕದಾಗಿದೆ, ಹೇಗೆ ಅತ್ತೆ, ಹೇಗೆ, ನಗಬಾರದು ಮತ್ತೆ, ಅದು ನಿನ್ನ ಮೈವಾಸನೆ ಹುಡುಕ್ತಿತ್ತು, ನನ್ನ ಸೀರೇಲಿ ಬರೀ ಹೊಗೆಸೊಪ್ಪು, ನಿನ್ನೆ ಒಗೆಯೋಕೆ ಹಾಕಿದ್ದೆಯಲ್ಲ ನಿನ್ನಂಗಿ, ಅದನ್ನೇ ಸೀರೆ ಮೇಲೆ ಹಾಕ್ಕೊಂಡು ಕೂತೆ, ಕಂಕುಳಲ್ಲಿ ಬಿಗಿ, ಗುಂಡಿ ಕೂರಲ್ಲ, ಆದ್ರೆ ಮೂಗು ಉಜ್ಜಿ ಉಜ್ಜಿ ಕುಡಿದ್ಲು, ನೀನು ಸಂಜೆವರೆಗೂ ನಿಂತ್ಕೊಂಡು ಕೈ ಆಡ್ಸು ಹೋಗು, ಇಲ್ಲಿ ನಾನಿದ್ದೀನಿ — ಫೋನು ಇಟ್ಟರೂ ಅದು ಕಿವಿಯಲ್ಲೇ ಇದೆ, ನಾನಿದ್ದೀನಿ, ಐದು ವರ್ಷದಲ್ಲಿ ಅತ್ತೆ ಆ ಮಾತು ಅಂದದ್ದು ಇದೇ ಮೊದಲು, ಹಿಂದೆಯೇ ಫೋಟೋ ಬಂತು, ವೆಲ್ಡಿಂಗ್ ಶೆಡ್ಡಿನಿಂದ ಬೇಗ ಊಟಕ್ಕೆ ಬಂದ ಗಂಡ ಕಾರ್ಮೇಗಂ ತೆಗೆದದ್ದು, ಕೆಳಗೆ ಬರೆದಿದ್ದಾನೆ, ಹೊಸ ಕಾನ್ಸ್‌ಟೇಬಲ್ ಡ್ಯೂಟಿಗೆ ಹಾಜರು, ಪಾಂಡಿಸೆಲ್ವಿ ನಗುತ್ತಾಳೆ, ಅಳುತ್ತಾಳೆ, ಅಕ್ಕಾ ನೋಡು ಬಾ, ವೀರಾಯಿ ಅಕ್ಕ ನೋಡಿ ಹೊಟ್ಟೆ ಹಿಡಿದುಕೊಂಡು, ನಿಮ್ಮತ್ತೇನೂ ಸಿಗ್ನಲಲ್ಲಿ ನಿಲ್ಸು, ಒಂದು ಲಾರಿ ಅಲ್ಲಾಡಲ್ಲ, ಎಂದು ಬಾಟಲಿಯನ್ನು ಹೂವಿನ ಐಸ್ ಪೆಟ್ಟಿಗೆಯೊಳಗೆ ಇಟ್ಟಳು, ಜಡೆಗೆ ಒಂದು ಗೇಣು ಮಲ್ಲಿಗೆ ಸಿಕ್ಕಿಸಿದಳು, ಬೇಡ ಅಕ್ಕ ಯೂನಿಫಾರಂ, ಟೋಪಿ ಕೆಳಗೆ ಯಾರಿಗೆ ಕಾಣುತ್ತೆ ಬಿಡೇ.

ಬಿಸಿಲು, ಹಾರ್ನು, ಏಳುಮಲೈ ಅಣ್ಣ ಏನಮ್ಮಾ ಟೀ ಚೆನ್ನಾಗಿತ್ತಾ, ತುಂಬಾ ಸಿಹಿ ಅಣ್ಣ, ಕೈ ಎತ್ತಿದಳು, ತೆಪ್ಪಕುಳದ ಕಡೆಯ ಬಸ್ಸು ನಿಂತಿತು, ಆಟೋಗಳು ನಿಂತವು, ಇನ್ನು ಎಡಗೈ ಬೀಸಬೇಕು, ಬೀಸಬೇಕು, ಆದರೆ ಕಣ್ಣೊಳಗೆ ಅದೇ ಫೋಟೋ, ಬೆಳಗ್ಗೆ ಮನೆಯಿಡೀ ಹುಡುಕಿದರೂ ಸಿಗದಿದ್ದ, ಅಂಗಿಗೆ ಸಿಕ್ಕಿಸುವ ಹೆಸರಿನ ಬಿಲ್ಲೆ, ಅಲ್ಲೇ, ಅತ್ತೆಯ ಎದೆಯ ಮೇಲೆ, ಒಂದಕ್ಷರವೂ ಓದಲು ಬಾರದ ಅತ್ತೆ, ಸೀರೆಯ ಮೇಲೆ ಬಿಳಿ ಅಂಗಿ, ಅದರ ಮೇಲೆ ಪಾಂಡಿಸೆಲ್ವಿ ಎಂಬ ಹೆಸರು, ಹೆಸರನ್ನು ಮುಷ್ಟಿಯಲ್ಲಿ ಹಿಡಿದ ಐದು ಪುಟ್ಟ ಬೆರಳು, ಬಿಳಿ ಅಂಗಿ, ಐದು ಬೆರಳು, ಹಿಂದಿನ ಬಸ್ಸು ಹಾರ್ನು ಹೊಡೆಯುತ್ತಿದೆ, ಹೊಡೆಯಲಿ, ಐದು ಬೆರಳು —